ಹಾಜರಿ ಪುಸ್ತಕದ ಏಳು ಹೆಸರುಗಳು

ನನ್ನ ಅಕ್ಕ ತೀರಿಕೊಂಡ ನಾಲ್ಕನೆಯ ತಿಂಗಳಲ್ಲಿ, ಹೊನ್ನಾವರದ ಒಂದು ಹಂಚಿನ ಕಾರ್ಖಾನೆಯ ಗೇಟಿನಲ್ಲಿ ನಿಂತು ನಾನು ಅವಳ ಹೆಸರನ್ನು ಗಟ್ಟಿಯಾಗಿ ಕೂಗಿದೆ. ಸಾಲಿನ ನಡುವಿನಿಂದ ಒಬ್ಬ ಹೆಂಗಸು "ಇದ್ದೆ" ಎಂದಳು.

ನಮ್ಮ ಕಡೆಯ ಮಾತಿನಲ್ಲಿ "ಇದ್ದೆ" ಎಂದರೆ ಈಗ ಇಲ್ಲಿದ್ದೇನೆ ಎಂದು. ಪುಸ್ತಕದ ಕನ್ನಡದಲ್ಲಿ ಅದೇ ಶಬ್ದಕ್ಕೆ ಹಿಂದೊಮ್ಮೆ ಇದ್ದೆ, ಈಗಿಲ್ಲ ಎಂಬ ಅರ್ಥ. ಆ ಬೆಳಿಗ್ಗೆ ನನಗೆ ಎರಡೂ ಒಟ್ಟಿಗೇ ಕೇಳಿಸಿದವು.

ಸ್ವಾತಂತ್ರ್ಯ ಬಂದಿತ್ತು, ರೇಶನ್ ಇನ್ನೂ ಹೋಗಿರಲಿಲ್ಲ. ಕುಮಟೆಯಲ್ಲಿ ಮ್ಯಾಟ್ರಿಕ್ ಮುಗಿಸಿ ಒಂದು ವರ್ಷ ಮನೆಯಲ್ಲಿ ಕೂತಿದ್ದ ನನಗೆ ಕಾರ್ಖಾನೆಯಲ್ಲಿ ಕಾರಕೂನನ ಕೆಲಸ ಸಿಕ್ಕಿತು. ಮೂರು ತಿಂಗಳು ಉಮೇದವಾರಿ. ಕೆಲಸ ಮನಸ್ಸಿಗೆ ಬಂದರೆ ಖಾಯಂ, ಬಾರದಿದ್ದರೆ ಕಾರಣ ಹೇಳದೆ ಬಿಡುಗಡೆ ಎಂದು ನೇಮಣೂಕಿಯ ಕಾಗದದಲ್ಲೇ ಬರೆದಿತ್ತು. ನನ್ನ ಕೆಲಸ ಮುಖ್ಯವಾಗಿ ಹಾಜರಿಯದು. ಬೆಳಿಗ್ಗೆ ಗೇಟಿನಲ್ಲಿ ಹೆಸರು ಕೂಗಬೇಕು, ಬಂದವರಿಗೆ ಗುರುತು ಹಾಕಬೇಕು, ಕೆಲಸ ಬಿಟ್ಟವರ ಹೆಸರನ್ನು ಕೆಂಪು ಶಾಯಿಯಿಂದ ಹೊಡೆದು ಹಾಕಬೇಕು. ವಾರವಿಡೀ ಹೊನ್ನಾವರದಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದು, ಭಾನುವಾರ ಹಳದೀಪುರದ ಮನೆಗೆ ಹೋಗುತ್ತಿದ್ದೆ. ಮನೆಯಲ್ಲಿ ನಮ್ಮ ತಾಯಿ, ಆಯಿ, ಒಬ್ಬಳೇ. ಹೆರಿಗೆಗೆಂದು ತವರಿಗೆ ಬಂದಿದ್ದ ಅಕ್ಕ ಆ ಮಳೆಗಾಲದಲ್ಲಿ ಅದೇ ಮನೆಯಲ್ಲಿ ತೀರಿಕೊಂಡಿದ್ದಳು, ಮಗುವೂ ಉಳಿಯಲಿಲ್ಲ.

ಕಾರ್ಖಾನೆ ಶರಾವತಿಯ ದಂಡೆಯಲ್ಲಿತ್ತು. ಮಳೆಗಾಲದಲ್ಲಿ ಮುಚ್ಚಿದ್ದು ಚೌತಿ ಕಳೆದ ಮೇಲೆ ತೆರೆಯಿತು. ನಾನು ಸೇರಿದ್ದು ಆಗಲೇ. ಆ ದಿನಗಳಲ್ಲಿ ಬೆಳಗಿನ ಹೊತ್ತು ಹೊಳೆಯ ಮೇಲೆ ಮಂಜು ದಟ್ಟವಾಗಿ ಕೂತಿರುತ್ತಿತ್ತು. ಆಚೆ ದಡದಿಂದ ಬರುವ ಹೆಂಗಸರ ದೋಣಿ ಕಾಣುತ್ತಿರಲಿಲ್ಲ. ಮೊದಲು ಹುಟ್ಟಿನ ಸದ್ದು, ಆಮೇಲೆ ಕೆಮ್ಮು, ಆಮೇಲೆ ದಂಡೆಯ ಕೆಸರಿನಲ್ಲಿ ಹೆಜ್ಜೆಗಳ ಸಪ್ಪಳ, ಕೊನೆಗೆ ಗೇಟಿನ ಎದುರು ಆಕಾರಗಳು. ನಿನ್ನೆಯ ಮಣ್ಣು ಸೀರೆಯಿಂದ ಹೋಗಿರುತ್ತಿರಲಿಲ್ಲ. ಎಲ್ಲರೂ ಒಂದೇ ಬಣ್ಣ. ಮುಖ ನೋಡಿ ಗುರುತು ಹಿಡಿಯುವುದು ಹೊಸಬನಾದ ನನಗೆ ಆಗುತ್ತಿರಲಿಲ್ಲ. ಹೆಸರು ಕೂಗಿ, ಧ್ವನಿ ಕೇಳಿ, ಗುರುತು ಹಾಕುತ್ತಿದ್ದೆ.

ಅಕ್ಕನ ಹೆಸರು ಊರಲ್ಲಿ ಹತ್ತು ಜನರಿಗೆ ಇರುವಂಥದ್ದೇ. ಮೊದಲ ದಿನ ಹಾಗೆಂದು ಸಮಾಧಾನ ಮಾಡಿಕೊಂಡೆ. ಊಟದ ಬಿಡುವಿನಲ್ಲಿ, ಆಳುಗಳನ್ನು ಸೇರಿಸಿಕೊಳ್ಳುವಾಗ ಬರೆಯುವ ಭರ್ತಿ ಪುಸ್ತಕ ತೆಗೆದು ನೋಡಿದೆ. ಹೆಸರಿನ ಮುಂದೆ ತಂದೆಯ ಹೆಸರು: ನನ್ನ ತಂದೆಯದು. ಊರು: ಹಳದೀಪುರ. ಮುಂದೆ ಹೆಬ್ಬೆಟ್ಟಿನ ಗುರುತು. ಆ ಗುರುತಿನ ನಡುವೆ ಓರೆಯಾಗಿ ಒಂದು ಬಿಳಿ ಗೆರೆ, ಚಾಕುವಿನಿಂದ ಕೊಯ್ದ ಹಾಗೆ.

ಆ ಹೆಂಗಸನ್ನು ಹುಡುಕಿಕೊಂಡು ಹೋಗಿ ನೋಡಿದೆ. ಹಸಿ ಹಂಚನ್ನು ಒಣಗುವ ಹಲಗೆಗೆ ಜೋಡಿಸುತ್ತಿದ್ದಳು. ನಲವತ್ತರ ಹತ್ತಿರದ ವಯಸ್ಸು, ಎತ್ತರದ ಆಳು, ಸೊರಗಿದ ಮುಖ. ಅಕ್ಕನಿಗೆ ಇಪ್ಪತ್ತಮೂರು, ಗಿಡ್ಡಗೆ, ದುಂಡಗೆ ಇದ್ದಳು. ಒಂದಿಷ್ಟೂ ಹೋಲಿಕೆ ಇರಲಿಲ್ಲ. ಹೋಲಿಕೆ ಇದ್ದಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲವೋ ಏನೋ.

ಆಳುಗಳನ್ನು ತಂದು ಸೇರಿಸುವುದು ಮೇಸ್ತ್ರಿಯ ಜವಾಬ್ದಾರಿ. ಅವನು ನಮ್ಮ ಊರಿನ ಪಕ್ಕದ ಕೇರಿಯವನೇ, ಅರವತ್ತು ದಾಟಿದವನು, ಎಲ್ಲರ ಮದುವೆ ಮುಂಜಿಗಳಲ್ಲಿ ಮುಂದೆ ನಿಲ್ಲುವವನು. ಸಂಜೆ ಅವನೊಬ್ಬನೇ ಸಿಕ್ಕಾಗ ಕೇಳಿದೆ. ಅವನು ತಡವರಿಸಲಿಲ್ಲ. ಎಲೆ ಮಡಚುತ್ತಲೇ ಹೇಳಿದ.

"ಹೌದು ತಮ್ಮಾ, ನಿನ್ನಕ್ಕನ ಹೆಸ್ರೇ. ನಿನ್ನ ಇಲ್ಲಿ ತಗೊಳ್ತ್ರು ಅಂತ ನಂಗೆಂತ ಗೊತ್ತಿತ್ತು? ಬದ್ಕಿದ್ದೋರ ಹೆಸ್ರು ಬರ್ಸಿದ್ರೆ ನಾಳೆ ಅವ್ರೇ ಬಂದು ಕೇಳ್ತ್ರು. ಸತ್ತೋರು ತಕರಾರು ಮಾಡೂಕೆ ಬತ್ರಾ?"

ಆಮೇಲೆ ವಿಷಯವನ್ನು ಬಿಡಿಸಿ ಹೇಳಿದ. ಮೂರು ತಿಂಗಳು ತುಂಬಿದ ಆಳು ಖಾಯಂ ಆಗುತ್ತಾನೆ. ಖಾಯಂ ಆದವರನ್ನು ಸುಮ್ಮನೆ ತೆಗೆಯಲಾಗದು, ರಜೆ ಕೊಡಬೇಕು, ಪೆಟ್ಟಾದರೆ ನೋಡಬೇಕು. ಅದು ಮೇನೇಜರನಿಗೆ ಬೇಡ. ಕೈ ಪಳಗಿದ ಆಳು ಬಿಟ್ಟು ಹೋಗುವುದೂ ಬೇಡ. ಆದ್ದರಿಂದ ಮೂರು ತಿಂಗಳಿಗೆ ನಾಲ್ಕು ದಿನ ಬಾಕಿ ಇರುವಾಗ ಹೆಸರು ಹೊಡೆಯುತ್ತಾರೆ, ಒಂದು ವಾರದ ಮೇಲೆ ಅದೇ ಆಳನ್ನು ಬೇರೆ ಹೆಸರಿನಲ್ಲಿ ಹೊಸಬಳೆಂದು ಬರೆದುಕೊಳ್ಳುತ್ತಾರೆ. ಹೆಸರು ಕೊಡುವುದು ಮೇಸ್ತ್ರಿ. ಸುಳ್ಳು ಹೆಸರು ಹುಟ್ಟಿಸಿದರೆ ತನಗೆ ಮರೆತು ಹೋಗುತ್ತದೆ, ತಾನು ಹೊತ್ತು ಸುಟ್ಟವರ ಹೆಸರು ಮರೆಯುವುದಿಲ್ಲ ಎಂದ. ಅಂಥ ಹನ್ನೊಂದು ಹೆಂಗಸರು ಇದ್ದರು.

ಮರುದಿನ ಬೆಳಿಗ್ಗೆ ಮಂಜಿನ ಎದುರು ನಿಂತು ಪಟ್ಟಿಯನ್ನು ಮೊದಲು ಒಮ್ಮೆ ಮನಸ್ಸಿನಲ್ಲೇ ಓದಿಕೊಂಡೆ. ಹೆಸರುಗಳಲ್ಲಿ ಕೆಲವನ್ನು ನಾನು ಬಲ್ಲೆ. ಒಬ್ಬಳು ನಮ್ಮ ಶಾಲೆಯ ಹಿಂದಿನ ಮನೆಯವಳು, ಹಾವು ಕಚ್ಚಿ ಹೋದವಳು. ಒಬ್ಬಳು ವಿಷಮಶೀತದಲ್ಲಿ ಹೋದವಳು. ನಾನು ಕೂಗುತ್ತಿದ್ದೆ, ಮಂಜಿನೊಳಗಿಂದ "ಇದ್ದೆ", "ಇದ್ದೆ" ಎಂದು ಬರುತ್ತಿತ್ತು. ಅಕ್ಕನ ಹೆಸರಿನ ಸರದಿ ಬಂದಾಗ ಪುಸ್ತಕದಿಂದ ತಲೆ ಎತ್ತದೆ ಕೂಗುತ್ತಿದ್ದೆ. ಕೆಲವು ದಿನಗಳಲ್ಲಿ ಇನ್ನೊಂದು ತರಹ ಆಯಿತು, ಅದನ್ನು ಹೇಳಲು ಈಗಲೂ ಸಂಕೋಚ. ಆ ಉತ್ತರಕ್ಕಾಗಿ ನಾನು ಕಾಯತೊಡಗಿದೆ. ಒಂದು ದಿನ ದೋಣಿ ತಡವಾಗಿ, ಕೂಗಿದರೆ ಯಾರೂ ಓಗೊಡದಿದ್ದಾಗ, ಮತ್ತೆ ಮತ್ತೆ ಕೂಗಿದೆ. ಸಾಲಿನಲ್ಲಿದ್ದವರು ನನ್ನ ಮುಖ ನೋಡಿದರು.

ಹಳೆಯ ಭರ್ತಿ ಪುಸ್ತಕಗಳು ಕಾರ್ಖಾನೆಯ ನನ್ನ ಕಚೇರಿ ಕೋಣೆಯ ಕಪಾಟಿನಲ್ಲೇ ಇದ್ದವು. ಒಂದೊಂದಾಗಿ ತೆಗೆದು ಆ ಓರೆ ಗೆರೆಯ ಹೆಬ್ಬೆಟ್ಟನ್ನು ಹುಡುಕಿದೆ. ಎರಡು ವರ್ಷದಲ್ಲಿ ಏಳು ಕಡೆ ಸಿಕ್ಕಿತು. ಏಳು ಹೆಸರು, ಏಳು ತಂದೆಯರು; ಬೆರಳು ಒಂದೇ. ಮಣ್ಣು ಕೊಯ್ಯುವ ತಂತಿಗೆ ಸಿಕ್ಕಿ ಅವಳ ಹೆಬ್ಬೆರಳು ಸೀಳಿದ್ದು ಎರಡನೆಯ ಹೆಸರಿನ ಕಾಲದಲ್ಲಂತೆ. ಆದರೆ ಮೊದಲನೆಯ ಗುರುತಿನಲ್ಲೂ ಗೆರೆ ಇತ್ತು. ತೆಳ್ಳಗೆ, ಆದರೆ ಇತ್ತು. ಇದನ್ನು ಮುಂದೆ ಅವಳಿಗೆ ಹೇಳಿದಾಗ, ತನಗೇ ನೆನಪು ತಪ್ಪಿರಬೇಕು, ಯಾವ ಪೆಟ್ಟು ಯಾವ ಹೆಸರಿನವಳಿಗೆ ಆಯಿತೆಂದು ಈಗ ಕಲಸಿಹೋಗಿದೆ ಎಂದಳು.

ಆ ಭಾನುವಾರ ಆಯಿಗೆ ಎಲ್ಲವನ್ನೂ ಹೇಳಿದೆ. ಹೇಳಬಾರದಿತ್ತು ಎಂದು ಹೇಳುತ್ತಿರುವಾಗಲೇ ಅನಿಸಿತು. ಆಯಿ ಅಳಲಿಲ್ಲ. ಅವಳನ್ನು ಒಮ್ಮೆ ನೋಡಬೇಕು ಎಂದಳು ಅಷ್ಟೇ. ಎರಡು ದಿನ ಬಿಟ್ಟು, ನಡು ಮಧ್ಯಾಹ್ನ, ಹಳದೀಪುರದಿಂದ ನಡೆದುಕೊಂಡೇ ಬಂದು ಗೇಟಿನ ಹೊರಗೆ ನಿಂತಿದ್ದಳು. ಕೈಯಲ್ಲಿ ಬಾಳೆಎಲೆಯಲ್ಲಿ ಕಟ್ಟಿದ ಕಡುಬು. ಅಕ್ಕನಿಗೆ ಕಡುಬೆಂದರೆ ಪ್ರಾಣ.

ಹೆಂಗಸನ್ನು ಕರೆಸಿದೆ. ಆಯಿ ಅವಳ ಮುಖವನ್ನು, ಕೈಗಳನ್ನು, ಕಾಲನ್ನು ಬಹಳ ಹೊತ್ತು ನೋಡಿದಳು. ಅವಳು ನೋಡಿಸಿಕೊಳ್ಳುತ್ತ ಸುಮ್ಮನೆ ನಿಂತಿದ್ದಳು, ತಪ್ಪು ಮಾಡಿದವಳ ಹಾಗೆ. ಕೊನೆಗೆ ಆಯಿ ಕೇಳಿದಳು.

"ನನ್ ಮಗಳ ಹೆಸ್ರಲ್ಲಿ ಇನ್ನೆಷ್ಟು ದಿನ ಇರ್ತೆ ತಂಗಿ?"

"ಬಪ್ಪ ಹುಣ್ಣಿಮೆವರಿಗೆ ಅಮ್ಮಾ. ಆಮೇಲೆ ತೆಗೀತ್ರು. ಮತ್ತೆ ಬೇರೆ ಹೆಸ್ರು."

ಆಯಿ ಕಡುಬನ್ನು ಅವಳ ಕೈಗಿಟ್ಟಳು, ತಿನ್ನುವವರೆಗೂ ಕೂತಿದ್ದಳು. ಹಿಂದಿರುಗುವಾಗ ನಾನು ರಸ್ತೆಯ ತಿರುವಿನವರೆಗೆ ಜೊತೆಗೆ ಹೋದೆ. ಹೆಸರು ಹೊಡೆಯುವವರು ಯಾರು ಎಂದು ಕೇಳಿದಳು. ನಾನೇ ಎಂದೆ. ಆಯಿ ನಿಂತಳು. "ಒಂದ್ ಸಲ ಹೋದದ್ದೇ ಸಾಕಾತು. ಮತ್ತೊಂದ್ ಸಲ ಅವ್ಳನ್ನ ತೆಗೆದು ಹಾಕೂದು ನಿನ್ ಕೈಯಲ್ಲಿ ಆಗೂದು ಬ್ಯಾಡ," ಎಂದಳು.

ನಾನು ಏನು ಮಾಡಬಹುದಿತ್ತು? ನಾನೂ ಉಮೇದವಾರನೇ. ಒಂದು ಮಾತಿಗೆ ಹೊರಗೆ ಹಾಕಬಹುದಾದವನು.

ದಾರಿ ತಾನಾಗಿ ಬಂತು. ಯುದ್ಧ ಮುಗಿದ ಮೇಲೆ ಬಂದ ಹೊಸ ಕಾಯ್ದೆಯ ಪ್ರಕಾರ, ನೂರಕ್ಕೆ ಮೇಲ್ಪಟ್ಟು ಆಳುಗಳಿರುವ ಕಾರ್ಖಾನೆ ತನ್ನ ನಿಯಮಗಳನ್ನು ಬರೆದು, ಸರಕಾರದಿಂದ ಮಂಜೂರು ಮಾಡಿಸಿ, ಆಳುಗಳ ಭಾಷೆಯಲ್ಲಿ ಗೇಟಿನ ಬಳಿ ಹಲಗೆಯ ಮೇಲೆ ಹಾಕಬೇಕಿತ್ತು. ಮುಂಬಯಿಯಿಂದ ಇಂಗ್ಲಿಷಿನ ಪ್ರತಿ ಬಂತು. ನನ್ನ ಅಕ್ಷರ ಚೆನ್ನಾಗಿದೆಯೆಂದು ಮೇನೇಜರ್ ಕನ್ನಡಕ್ಕೆ ಇಳಿಸುವ ಕೆಲಸವನ್ನು ನನಗೇ ಕೊಟ್ಟ. ಯಾರೂ ಓದುವುದಿಲ್ಲ, ಬೇಗ ಮುಗಿಸು ಎಂದ. ಅದರಲ್ಲಿ ಉಮೇದವಾರ ಯಾರು, ಖಾಯಂ ಯಾರು ಎಂದು ಸ್ಪಷ್ಟವಾಗಿತ್ತು. ಮೂರು ತಿಂಗಳು ತೃಪ್ತಿಕರವಾಗಿ ಕೆಲಸ ಮಾಡಿದವನು ಖಾಯಂ. ನಡುವೆ ಕಾಯಿಲೆ ಬಿದ್ದರೆ, ಪೆಟ್ಟಾದರೆ, ಕಾರ್ಖಾನೆಯೇ ಮುಚ್ಚಿದರೆ ಆ ದಿನಗಳು ಅವನ ಲೆಕ್ಕಕ್ಕೆ ಕುಂದಲ್ಲ.

ಹಲಗೆ ನಿಲ್ಲಿಸಿದ ದಿನ ಊಟದ ಬಿಡುವಿನಲ್ಲಿ ಹೆಂಗಸರು ಸುತ್ತ ನಿಂತರು. ಓದಿ ಹೇಳಿ ಎಂದರು. ಓದಿದೆ. ಎಲ್ಲರೂ ಚದುರಿದ ಮೇಲೆ ಅಕ್ಕನ ಹೆಸರಿನ ಆ ಹೆಂಗಸೊಬ್ಬಳೇ ಉಳಿದಳು. ಹಲಗೆಯ ಅಕ್ಷರಗಳನ್ನು ನೋಡುತ್ತ ಕೇಳಿದಳು.

"ಕಾರಕೂನರೇ, ಇದು ನಂಗೂ ಆತಾ? ಇಲ್ಲಾ ಆ ಹೆಸ್ರಿನವ್ರಿಗಾ?"

ಆ ಪ್ರಶ್ನೆಗೆ ಹಲಗೆಯಲ್ಲಿ ಉತ್ತರ ಇರಲಿಲ್ಲ. ಆದರೆ ಸರಕಾರದ ಮಜೂರ ಖಾತೆಯ ಅಧಿಕಾರಿ ಆಳುಗಳ ದೂರು ಕೇಳಲು ಕುಮಟೆಯ ಪ್ರವಾಸಿ ಬಂಗಲೆಗೆ ಬರುತ್ತಾನೆಂದು ಅದೇ ಕಾಗದಗಳಲ್ಲಿ ಇತ್ತು. ಅವಳ ಪರವಾಗಿ ಅರ್ಜಿ ಬರೆದೆ. ಏಳು ಹೆಸರು, ಸೇರಿದ ದಿನ, ತೆಗೆದ ದಿನ, ಎಲ್ಲ ಕಡೆ ಒಂದೇ ಹೆಬ್ಬೆಟ್ಟು ಇದೆ ಎಂಬ ಮಾತು. ಮೇಲೆ ಅರ್ಜಿದಾರಳ ಹೆಸರು ಬೇಕು. ನಿನ್ನ ಸ್ವಂತ ಹೆಸರೇನು ಎಂದೆ. ಅವಳು ಹೊಳೆಯ ಕಡೆ ನೋಡಿದಳು. ಗಂಡ ಕಡಲಿಗೆ ಹೋದವನು ಬರಲಿಲ್ಲ, ಮಕ್ಕಳಿಲ್ಲ, ಆ ಹೆಸರಿನಿಂದ ಕರೆಯುವವರು ಯಾರೂ ಉಳಿದಿಲ್ಲ ಎಂದಳು. ಆಮೇಲೆ, ಪಕ್ಕದ ಮನೆಯವಳ ಹೆಸರು ಹೇಳುವವರ ಹಾಗೆ, ಮೆತ್ತಗೆ ಹೇಳಿದಳು. ಕೆಳಗೆ ನನ್ನ ಸಹಿಯನ್ನೂ ಹಾಕಿದೆ, ಸಾಕ್ಷಿ ಎಂದು.

ಅಧಿಕಾರಿ ಅರ್ಜಿಯನ್ನು ಓದಿ ನನ್ನನ್ನು ಹೆಚ್ಚೇನೂ ಕೇಳಲಿಲ್ಲ. ಧಾರವಾಡದ ಕಡೆಯ ಮನುಷ್ಯ, ಮಾತು ಕಡಿಮೆ. ಕಾರ್ಖಾನೆಗೆ ಪುಸ್ತಕ ತರಲು ಹೇಳಿಕಳಿಸಿದ. ಮೇನೇಜರ್, ಅವರು ಏಳು ಬೇರೆ ಹೆಂಗಸರು, ಬೇಕಾದರೆ ವಿಚಾರಿಸಿ ಎಂದು ಉತ್ತರ ಬರೆದ. ಅಧಿಕಾರಿ ವಿಚಾರಿಸಿಯೇ ಬಿಟ್ಟ. ಭರ್ತಿ ಪುಸ್ತಕದಲ್ಲಿದ್ದ ವಿಳಾಸಕ್ಕೆ, ಆ ಏಳು ಹೆಸರಿಗೆ, ಏಳು ನೋಟೀಸು ಟಪಾಲಿಗೆ ಹೋದವು. ಇಂಥ ದಿನ ಮುಂಜಾನೆ ಕುಮಟೆಯಲ್ಲಿ ಖುದ್ದು ಹಾಜರಾಗಬೇಕು.

ನಮ್ಮ ಮನೆಗೂ ಒಂದು ಬಂತು. ಟಪಾಲಿನವನು ಅಂಗಳದಲ್ಲಿ ನಿಂತು ಅಕ್ಕನ ಹೆಸರು ಓದಿ, ಅವಳು ಇದ್ದಾಳೆಯೇ ಎಂದು ಕೇಳಿದನಂತೆ. ಹೊಸಬ, ಅವನಿಗೆ ಗೊತ್ತಿಲ್ಲ. ಆಯಿ ಕಾಗದ ತೆಗೆದುಕೊಂಡು ಒಳಗೆ ಹೋದಳು. ನಾನು ಭಾನುವಾರ ಹೋದಾಗ ಅದು ಅಕ್ಕನ ಬಟ್ಟೆಯ ಪೆಟ್ಟಿಗೆಯ ಮೇಲಿತ್ತು. ಕರೆದ ಮೇಲೆ ಹೋಗಬೇಕಲ್ಲ ಎಂದಳು.

ಆ ದಿನ ನಾನೂ ಆಯಿಯೂ ಬಸ್ಸಿನಲ್ಲಿ ಕುಮಟೆಗೆ ಹೋದೆವು. ಬಂಗಲೆಯ ಜಗಲಿಯಲ್ಲಿ ಆಗಲೇ ಜನ ಕೂತಿದ್ದರು. ಒಬ್ಬ ಮುದುಕ, ಒಬ್ಬಳು ಮುದುಕಿ, ಹೊಸ ಹೆಂಡತಿಯನ್ನು ಕರೆದುಕೊಂಡು ಬಂದ ಒಬ್ಬ ಗಂಡ, ಅಣ್ಣತಮ್ಮಂದಿರಿಬ್ಬರು, ಹೀಗೆ. ಎಲ್ಲರ ಕೈಯಲ್ಲೂ ಅದೇ ಬಣ್ಣದ ಕಾಗದ. ಸತ್ತವರಿಗೆ ಸರಕಾರ ಯಾಕೆ ಕರೆ ಕಳಿಸಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಕೆಲವರ ಕಣ್ಣಿನಲ್ಲಿ ಭಯದ ಜೊತೆಗೆ ಇನ್ನೇನೋ ಇತ್ತು. ಆ ಮುದುಕ ಮಗಳ ಸೀರೆಯೊಂದನ್ನು ಮಡಚಿ ತಂದಿದ್ದ, ಯಾಕೆಂದು ನಾನು ಕೇಳಲಿಲ್ಲ. ಕಂಬದ ಬಳಿ ಕಾರ್ಖಾನೆಯ ಆ ಹೆಂಗಸು ನಿಂತಿದ್ದಳು, ಸ್ನಾನ ಮಾಡಿ, ಒಗೆದ ಸೀರೆ ಉಟ್ಟು. ಮಣ್ಣಿಲ್ಲದ ಅವಳ ಮುಖವನ್ನು ನಾನು ನೋಡಿದ್ದು ಅಂದೇ ಮೊದಲು.

ಅಧಿಕಾರಿಯ ಜವಾನ, ಪಟ್ಟೆವಾಲಾ, ಬಾಗಿಲಲ್ಲಿ ನಿಂತು, ಕೋರ್ಟಿನ ಪದ್ಧತಿಯಂತೆ, ಹೆಸರನ್ನು ಮೂರು ಸಲ ಕೂಗಿದ. ಸಿಡುಬಿನಲ್ಲಿ ಹೋದವಳೊಬ್ಬಳ ಹೆಸರು. ಅಣ್ಣತಮ್ಮಂದಿರು ಎದ್ದು, ಅವಳು ಹೋಗಿ ಮೂರು ವರ್ಷವಾಯಿತು ಎಂದರು. ಅದೇ ಹೊತ್ತಿಗೆ ಕಂಬದ ಬಳಿಯಿಂದ "ಇದ್ದೆ" ಎಂದು ಕೇಳಿಸಿತು. ಬೇಕೆಂದು ಹೇಳಿದ್ದಲ್ಲ. ಎರಡು ವರ್ಷದ ರೂಢಿ, ಹೆಸರು ಕೂಗಿದರೆ ಬಾಯಿ ತಾನಾಗಿ ತೆರೆಯುತ್ತಿತ್ತು. ಜಗಲಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮುದುಕಿ ಎದ್ದು ನಿಂತಳು. ಎರಡನೆಯ ಹೆಸರು, ಮೂರನೆಯದು, ನಾಲ್ಕನೆಯದು. ಪ್ರತಿ ಸಲವೂ ಎರಡು ಉತ್ತರ: ಒಂದು ಕಡೆಯಿಂದ ಇಲ್ಲ, ಇನ್ನೊಂದು ಕಡೆಯಿಂದ ಇದ್ದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆದರೂ ಬಂತು. ಅಕ್ಕನ ಹೆಸರು ಕೂಗಿದಾಗ ಆಯಿ ಏಳಲೇ ಇಲ್ಲ, ಕಂಬದ ಕಡೆಯೇ ನೋಡುತ್ತ ಕೂತಿದ್ದಳು. ನಾನು ಎದ್ದು ಹೇಳಬೇಕಾಯಿತು.

ಕೊನೆಗೆ ಉಳಿದದ್ದು ಅವಳು ಮೊಟ್ಟ ಮೊದಲು ಸೇರಿದಾಗಿನ ಹೆಸರು. ಪಟ್ಟೆವಾಲಾ ಮೂರು ಸಲ ಕೂಗಿದರೂ ಮನೆಯವರು ಯಾರೂ ಏಳಲಿಲ್ಲ. ನೋಟೀಸು ಯಾರಿಗೆ ಮುಟ್ಟಿತು ಎಂದು ಅಧಿಕಾರಿ ಒಳಗಿನಿಂದ ಕೇಳಿದ. ಪುಸ್ತಕ ತಂದು ಒಳಗೆ ಕೂತಿದ್ದ ಮೇನೇಜರನ ಕುರ್ಚಿಯ ಹಿಂದೆ ನಿಂತಿದ್ದ ಮೇಸ್ತ್ರಿ ತಲೆಯ ರುಮಾಲು ತೆಗೆದ. ಅದು ತನ್ನ ತಾಯಿಯ ಹೆಸರು ಎಂದ. ಮೊದಲನೆಯ ಸಲ ಬೇರೆ ಯಾರ ಹೆಸರನ್ನು ತೆಗೆದುಕೊಳ್ಳಲೂ ಧೈರ್ಯ ಬರಲಿಲ್ಲ, ತಾಯಿಯಾದರೆ ಕ್ಷಮಿಸುತ್ತಾಳೆ ಎಂದುಕೊಂಡೆ ಎಂದ. ಅಷ್ಟು ಹೇಳಿ ಗೋಡೆಗೆ ಒರಗಿ ಕೂತುಬಿಟ್ಟ. ಮೇನೇಜರ್ ಅವನ ಕಡೆ ನೋಡಲಿಲ್ಲ.

ಅಧಿಕಾರಿ ಅವಳ ಹೆಬ್ಬೆಟ್ಟನ್ನು ಹೊಸ ಕಾಗದದ ಮೇಲೆ ಒತ್ತಿಸಿ, ಪುಸ್ತಕದ ಏಳು ಗುರುತುಗಳ ಪಕ್ಕ ಒಂದೊಂದಾಗಿ ಇಟ್ಟು ನೋಡಿದ. ಮಳೆಗಾಲದಲ್ಲಿ ಕೆಲಸ ತುಂಡಾಗಿತ್ತಲ್ಲ ಎಂದು ಮೇನೇಜರ್ ತಕರಾರು ತೆಗೆದಾಗ, ಮುಚ್ಚಿದ್ದು ಕಾರ್ಖಾನೆ, ಅವಳಲ್ಲ ಎಂದ. ಹೆಸರು ಹೊಡೆದು ಒಂದೊಂದು ವಾರ ಹೊರಗಿಟ್ಟದ್ದನ್ನೂ ಕೆಲಸ ತುಂಡಾದದ್ದೆಂದು ಒಪ್ಪಲಿಲ್ಲ. ಮೊದಲ ಹೆಬ್ಬೆಟ್ಟಿನಿಂದ ಅವಳ ನೌಕರಿ ಎಣಿಸಬೇಕು, ಖಾಯಂ ಎಂದು ಬರೆಯಬೇಕು, ಸ್ವಂತ ಹೆಸರಿನಲ್ಲಿ. ಉಳಿದ ಹತ್ತು ಹೆಂಗಸರ ಪುಸ್ತಕವನ್ನೂ ನೋಡುತ್ತೇನೆ ಎಂದ.

ಹಿಂದಿರುಗುವಾಗ ಮೂವರೂ ಒಂದೇ ಬಸ್ಸಿನಲ್ಲಿ ಬಂದೆವು. ಹಳದೀಪುರದಲ್ಲಿ ಇಳಿಯುವಾಗ ಆಯಿ ಅವಳ ಕೈ ಹಿಡಿದು ಇಳಿಸಿಕೊಂಡಳು. ಮನೆಯಲ್ಲಿ ಗಂಜಿ ಬಡಿಸಿ, ಅವಳ ಸ್ವಂತ ಹೆಸರಿನಿಂದಲೇ ಎರಡು ಮೂರು ಸಲ ಕರೆದಳು. ಅವಳು ಪ್ರತಿ ಸಲವೂ ಸ್ವಲ್ಪ ತಡವಾಗಿ ತಲೆ ಎತ್ತುತ್ತಿದ್ದಳು.

ನನ್ನ ಉಮೇದವಾರಿ ಮುಗಿಯಲು ಆಗ ಆರು ದಿನ ಬಾಕಿ. ಮರುದಿನವೇ ಮೇನೇಜರ್ ಕರೆಸಿದ. ಬೈಯಲಿಲ್ಲ, ಕೂರಲು ಹೇಳಿದ. ಕಾಗದದಲ್ಲಿ ಎರಡೇ ಸಾಲು: ನಿನ್ನ ಕೆಲಸ ನಮಗೆ ಬೇಕಾಗಿಲ್ಲ, ಇಂದಿನಿಂದ ಬಿಡುಗಡೆ. ಅಧಿಕಾರಿಗೆ ಬರೆದು ಕೇಳಿದೆ. ಉತ್ತರ ಬಂತು. ಅವಧಿ ತುಂಬುವ ಮೊದಲು ಕಾರಣವಿಲ್ಲದೆ ಬಿಡುವ ಹಕ್ಕು ಮಾಲೀಕನಿಗಿದೆ. ಸಾಕ್ಷಿ ಹೇಳಿದ್ದಕ್ಕೇ ತೆಗೆದರೆಂದು ತೋರಿಸಬಲ್ಲೆಯಾದರೆ ವಿಚಾರ ಬೇರೆ. ತೋರಿಸಲು ನನ್ನ ಬಳಿ ಏನಿತ್ತು? ಆ ಎರಡು ಸಾಲಿನಲ್ಲಿ ಏನೂ ಇರಲಿಲ್ಲ. ಬಿಡುಗಡೆಯಾದ ದಿನ ಪುಸ್ತಕ ಒಪ್ಪಿಸುವ ಮೊದಲು ನನ್ನ ಹೆಸರನ್ನು ಕೆಂಪು ಶಾಯಿಯಿಂದ ನಾನೇ ಹೊಡೆಯಬೇಕಾಯಿತು. ಗೆರೆ ಸೊಟ್ಟಗೆ ಹೋಯಿತು.

ಕೆಲವು ತಿಂಗಳ ಮೇಲೆ ಹೊಳೆ ದಾಟಿ, ಶಿರಾಲಿಯ ಮೇಲಿನಿಂದ ಭಟ್ಕಳಕ್ಕೆ ಹೋಗಿ, ಒಬ್ಬ ನವಾಯತ ಮುಸ್ಲಿಮ್ ವ್ಯಾಪಾರಿಯ ಬಟ್ಟೆ ಅಂಗಡಿಯಲ್ಲಿ ಬರೆಯುವ ಕೆಲಸಕ್ಕೆ ಸೇರಿದೆ. ಉಳಿದ ಹತ್ತರಲ್ಲಿ ಎಂಟು ಹೆಂಗಸರಷ್ಟೇ ಖಾಯಂ ಆದರು, ಇಬ್ಬರು ಅಷ್ಟರಲ್ಲಿ ಘಟ್ಟದ ಮೇಲೆ ಕೆಲಸ ಹುಡುಕಿ ಹೋಗಿದ್ದರು, ಅವರ ನಿಜ ಹೆಸರು ಯಾರಿಗೂ ಗೊತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು. ಮೇಸ್ತ್ರಿ ಕೆಲಸ ಬಿಟ್ಟು ಮನೆಯಲ್ಲಿ ಕೂತ. ಅವಳು ಮಾತ್ರ ಹಬ್ಬಕ್ಕೊಮ್ಮೆ ಆಯಿಯನ್ನು ನೋಡಿ ಹೋಗುತ್ತಿದ್ದಳು, ಆಯಿ ಇರುವ ತನಕ.

ಭಟ್ಕಳದ ಸಾಹುಕಾರರ ಬಳಿ ಮೊದಲ ದಿನವೇ, ನೇಮಕವನ್ನು ಬರವಣಿಗೆಯಲ್ಲಿ ಕೊಡಿ ಎಂದು ಕೇಳಿದ್ದೆ. ಅವರಿಗೆ ಆಶ್ಚರ್ಯವಾಯಿತು, ಅವರ ಅಂಗಡಿಯಲ್ಲಿ ಅಂಥ ಪದ್ಧತಿ ಇರಲಿಲ್ಲ. ಆದರೂ ಅಲ್ಲೇ ಕೂತು ಒಂದು ಚೀಟಿ ಬರೆದು ಕೊಟ್ಟರು, ಉರ್ದುವಿನಲ್ಲಿ. ನನಗೆ ಓದಲು ಬರುತ್ತಿರಲಿಲ್ಲ. ಪಕ್ಕದ ಅಂಗಡಿಯವನ ಬಳಿ ಹೋಗಿ ಓದಿಸಿಕೊಂಡೆ. ಇವನು ಇಂದಿನಿಂದ ನಮ್ಮವನು ಎಂದು ಬರೆದಿದ್ದಾರೆ, ಬೇರೆ ಏನೂ ಇಲ್ಲ ಎಂದ. ಮೂರು ತಿಂಗಳು ಗಿಂಗಳು ಏನಾದರೂ ಇದೆಯೇ ನೋಡು ಎಂದೆ. ಅವನು ಚೀಟಿಯನ್ನು ತಿರುಗಿಸಿ ಹಿಂದೆಯೂ ನೋಡಿ ವಾಪಸು ಕೊಟ್ಟ.